ಜಾನ್ ಲೆನನ್ ಮತ್ತು ನನ್ನ ಅಭಿಮಾನ

ಅಭಿಮಾನವೆಂಬ ಮಾತಿಗೆ ನಮ್ಮ ಕನ್ನಡದಲ್ಲಿ ಎರಡು ಅರ್ಥಗಳುಂಟು. ತನ್ನ ಮಾನದ ಮೇಲಿನ ಮಮತೆಯೂ ಅಭಿಮಾನವೇ. ಮತ್ತೊಬ್ಬರ ಗುಣಕ್ಕೆ ಮನಸೋತು ಅವರನ್ನು ತನ್ನವರೆಂದು ತಿಳಿಯುವುದೂ ಅಭಿಮಾನವೇ. ಈ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಏಕೆ ಮನೆಮಾಡಿಕೊಂಡಿವೆಯೆಂದು ನನಗೆ ಬಹುದಿನ ತಿಳಿದಿರಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಒಬ್ಬ ಹಾಡುಗಾರನು, ನಾನು ಹುಟ್ಟುವ ಎಷ್ಟೋ ವರ್ಷಗಳ ಮೊದಲೇ ತೀರಿಕೊಂಡವನು, ಅದನ್ನು ನನಗೆ ಕಲಿಸಿದನು. ಅವನ ಹೆಸರು ಜಾನ್ ಲೆನನ್. 1960ರ ದಶಕದಲ್ಲಿ ಜಗತ್ತನ್ನು ಮರುಳುಗೊಳಿಸಿದ ಬೀಟಲ್ಸ್ ಎಂಬ ರಾಕ್ ಸಂಗೀತದ ತಂಡವನ್ನು ಕಟ್ಟಿದವನು ಅವನೇ. ಮಹನೀಯರ ಜೀವನಗಳು ಅಚ್ಚಾಗುವ ಈ ಪುಟಗಳಲ್ಲಿ ಗಿಟಾರು ಬಾರಿಸುವವನಿಗೇನು ಕೆಲಸವೆಂದು ಗುರುಗಳು ಹುಬ್ಬೇರಿಸದೆ ಕೊನೆಯವರೆಗೆ ಓದಬೇಕೆಂದು ನನ್ನ ವಿನಂತಿ.

ನಮ್ಮದು ಹಳಿಯಾಳ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಭತ್ತ, ಕಬ್ಬುಗಳ ಬೇಸಾಯ. ಹತ್ತನೆಯ ತರಗತಿ ಮುಗಿದ ಮೇಲೆ ಅವ್ವ ನನ್ನನ್ನು ಮುಂದಿನ ಓದಿಗಾಗಿ ದಾಂಡೇಲಿಯಲ್ಲಿದ್ದ ತನ್ನ ಅಣ್ಣನ ಮನೆಗೆ ಕಳುಹಿಸಿದಳು. ಸೋದರಮಾವ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾಳೀ ನದಿಯ ದಡದ ಈ ಊರು ಕಾರ್ಖಾನೆ ಬಂದ ಮೇಲೆ ನಾಲ್ಕು ದಿಕ್ಕಿನ ಜನರಿಂದ ತುಂಬಿಕೊಂಡಿತು. ನಮ್ಮ ಓಣಿಯೊಂದರಲ್ಲೇ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಮಲೆಯಾಳಗಳು ಕೇಳಿಬರುತ್ತವೆ. ಮಾವನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಊರು ಬಿಟ್ಟುಹೋಗುವಾಗ ತಮ್ಮ ಟೇಪ್‌ರೆಕಾರ್ಡರನ್ನೂ ಒಂದು ಡಬ್ಬಿ ಕ್ಯಾಸೆಟ್ಟುಗಳನ್ನೂ ಮಾವನಿಗೆ ಕೊಟ್ಟುಹೋಗಿದ್ದರು. ಮಾವ ಅದರಲ್ಲಿ ಕೇಳುತ್ತಿದ್ದುದು ಭೀಮಸೇನ ಜೋಶಿಯವರ ದಾಸರ ಪದಗಳನ್ನು. ಅತ್ತೆ ಕೇಳುತ್ತಿದ್ದುದು ರಾಜಕುಮಾರರ ಹಾಡುಗಳನ್ನು. ಉಳಿದ ಕ್ಯಾಸೆಟ್ಟುಗಳು ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿದ್ದವು.

ಆಷಾಢದ ಒಂದು ರಾತ್ರಿ. ಹೊರಗೆ ಮಳೆ ಹಿಡಿದುಕೊಂಡಿತ್ತು. ವಿದ್ಯುತ್ತು ಹೋಗಿ ಎರಡು ತಾಸಾಗಿತ್ತು, ಓದುವಂತಿರಲಿಲ್ಲ. ಟೇಪ್‌ರೆಕಾರ್ಡರಿನಲ್ಲಿ ಸೆಲ್ ಇದ್ದವು. ಬೇಸರ ಕಳೆಯಲೆಂದು ಅಟ್ಟದಿಂದ ಕೈಗೆ ಸಿಕ್ಕ ಒಂದು ಕ್ಯಾಸೆಟ್ಟನ್ನು ಹಾಕಿದೆ. ಮೊದಲು ಕೇಳಿದ್ದು ಮೌತ್ ಆರ್ಗನ್ನಿನ ದನಿ. ಜಾತ್ರೆಯಲ್ಲಿ ಕೊಂಡು ಎರಡು ದಿನ ಊದಿ ಮೂಲೆಗೆ ಎಸೆಯುತ್ತಿದ್ದ ಆಟಿಕೆಯ ದನಿಯಲ್ಲವೇ ಇದು ಎಂದುಕೊಳ್ಳುವಷ್ಟರಲ್ಲಿ ಇಬ್ಬರು ಹುಡುಗರು ಕೂಡಿ ಹಾಡತೊಡಗಿದರು. ಇಂಗ್ಲಿಷಿನ ಮಾತು ನನಗೆ ಅರ್ಧವೂ ತಿಳಿಯಲಿಲ್ಲ. ಆದರೆ ಆ ತಾಳ ಹೊಸದೆನಿಸಲಿಲ್ಲ. ನಮ್ಮ ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರು ಡಮಾಮಿ ಬಾರಿಸಿ ಕುಣಿಯುವಾಗ ನೋಡುವವರ ಕಾಲೂ ತಾನಾಗಿ ಅಲುಗುತ್ತದೆ. ಆ ರಾತ್ರಿ ನನ್ನ ಕಾಲು ಹಾಗೆಯೇ ಅಲುಗಿತು. ರಾಕ್ ಸಂಗೀತದ ಬೇರು ಅಮೆರಿಕದ ಕರಿಯ ಜನರ ಹಾಡಿನಲ್ಲಿದೆಯೆಂದೂ, ಆ ಜನರ ಪೂರ್ವಿಕರು ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರೆಂದೂ ಮುಂದೆ ಓದಿ ತಿಳಿದಾಗ, ಕಾಲು ಅಲುಗಿದ್ದರಲ್ಲಿ ಆಶ್ಚರ್ಯವಿಲ್ಲವೆನಿಸಿತು.

ಆಮೇಲಿನ ಕಥೆಯನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಕೂದಲು ಕಿವಿಯನ್ನು ಮುಚ್ಚುವಷ್ಟು ಬೆಳೆಯಿತು. ಕಣ್ಣು ನೆಟ್ಟಗಿದ್ದರೂ ಲೆನನ್ನನಂತೆ ದುಂಡು ಕನ್ನಡಕ ಬಂದಿತು. ಕೋಣೆಯ ಗೋಡೆಯ ಮೇಲೆ, ಅತ್ತೆಯ ಕ್ಯಾಲೆಂಡರಿನ ಲಕ್ಷ್ಮಿಯ ಪಕ್ಕದಲ್ಲಿ, ಅವನ ಚಿತ್ರ ನೆಲೆಗೊಂಡಿತು. ನಮ್ಮ ಇಂಗ್ಲಿಷ್ ಅಧ್ಯಾಪಕರ ಬೆನ್ನುಬಿದ್ದು ಹಾಡಿನ ಮಾತುಗಳಿಗೆ ಅರ್ಥ ಕೇಳಿದೆ. ಪಠ್ಯದ ಪದ್ಯಗಳಿಗೆ ಇಷ್ಟು ಆಸಕ್ತಿ ತೋರಿದ್ದರೆ ಮೊದಲನೆಯ ದರ್ಜೆ ಬರುತ್ತಿತ್ತೆಂದು ನಗುತ್ತಲೇ ಅವರು ಹೇಳಿಕೊಟ್ಟರು. ಜೋಯಿಡಾದಿಂದ ಬಸ್ಸಿನಲ್ಲಿ ಬರುತ್ತಿದ್ದ ಸಹಪಾಠಿಗಳನ್ನೂ ಬಿಡದೆ, ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಬೀಟಲ್ಸ್ ಪುರಾಣ ಹೇಳುತ್ತಿದ್ದೆ. ಅವರಲ್ಲಿ ಹೆಚ್ಚು ತಾಳ್ಮೆಯಿಂದ ಕೇಳಿದವನು ಮುಂಡಗೋಡದಿಂದ ಬಂದು ಇಲ್ಲಿ ಕೋಣೆ ಮಾಡಿಕೊಂಡಿದ್ದ ನನ್ನ ಗೆಳೆಯ. ಅವನ ವಿಷಯ ಮುಂದೆ ಬರುತ್ತದೆ. ಮೊದಲು ನಾಯಕನ ಚರಿತ್ರೆ.

ಜಾನ್ ಲೆನನ್ ಹುಟ್ಟಿದ್ದು 1940ರ ಅಕ್ಟೋಬರ್ 9ರಂದು, ಎರಡನೆಯ ಮಹಾಯುದ್ಧದ ನಡುವೆ. ಲಿವರ್‌ಪೂಲ್ ದೊಡ್ಡ ಬಂದರು. ತಂದೆ ಆಲ್ಫ್ರೆಡ್ ಹಡಗಿನ ಕೆಲಸಗಾರ. ಮನೆಯಲ್ಲಿದ್ದುದಕ್ಕಿಂತ ಸಮುದ್ರದ ಮೇಲಿದ್ದುದೇ ಹೆಚ್ಚು. ತಾಯಿ ಜೂಲಿಯಾ ಹಾಡು ನಗೆಗಳ ಹೆಣ್ಣು. ದಾಂಪತ್ಯ ಮುರಿಯಿತು, ಆಕೆ ಮತ್ತೊಬ್ಬನೊಡನೆ ಸಂಸಾರ ಹೂಡಿದಳು. ಐದು ವರ್ಷದ ಹುಡುಗನನ್ನು ಆಕೆಯ ಅಕ್ಕ ಮಿಮಿ ತನ್ನ ಮನೆಗೆ ಕರೆದುಕೊಂಡಳು. ದೊಡ್ಡಮ್ಮನ ಮನೆಯಲ್ಲಿ ಅಚ್ಚುಕಟ್ಟು, ಪುಸ್ತಕ, ಶಿಸ್ತು ಎಲ್ಲವೂ ಇದ್ದವು. ತಾಯಿ ಇದ್ದುದು ನಡೆದು ಹೋಗುವಷ್ಟು ದೂರದಲ್ಲಿ. ಆದರೆ ಆ ಮನೆಯಲ್ಲಿ ಅವನು ಅತಿಥಿ. ಓದಿಗಾಗಿ ನೆಂಟರ ಮನೆಯಲ್ಲಿ ಇರುವವರಿಗೆ ಈ ದೂರವೆಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ನನಗಾದರೋ ರಜೆಯಲ್ಲಿ ಅವ್ವನ ಮನೆ ನನ್ನದೇ ಮನೆ. ಅವನಿಗೆ ಅದೂ ಇರಲಿಲ್ಲ.

ಹುಡುಗನಿಗೆ ಹದಿನೈದು ತುಂಬಿದ ಮೇಲೆ, 1956ರಲ್ಲಿ, ಅಮೆರಿಕದ ಗಾಯಕ ಎಲ್ವಿಸ್ ಪ್ರೆಸ್ಲಿಯ ಹಾಡು ಲಿವರ್‌ಪೂಲಿಗೆ ಬಂದು ತಲುಪಿತು. ಜಾನ್ ಕೇಳಿದನು, ಮರುಳಾದನು. ಎಲ್ವಿಸನಂತೆ ಕೂದಲು ಬಾಚಿದನು, ಎಲ್ವಿಸನಂತೆ ಉಡುಪು ತೊಟ್ಟನು. ಇಷ್ಟನ್ನು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ನನ್ನ ಆರಾಧ್ಯನೂ ಮೊದಲು ಒಬ್ಬ ಅಭಿಮಾನಿಯೇ ಆಗಿದ್ದನು! ಗಿಟಾರು ಬೇಕೆಂದು ಹಟ ಹಿಡಿದಾಗ ದೊಡ್ಡಮ್ಮ ಒಪ್ಪಲಿಲ್ಲ. ಅದು ಹೊತ್ತು ಕಳೆಯಲು ಸರಿ, ಹೊಟ್ಟೆ ಹೊರೆಯಲು ಸಾಲದೆಂಬುದು ಅವಳ ಅಭಿಪ್ರಾಯ. ತಾಯಿ ಜೂಲಿಯಾ ಕೊಡಿಸಿದಳು. ತನಗೆ ಬರುತ್ತಿದ್ದ ಬ್ಯಾಂಜೋ ವಾದ್ಯದ ಪಟ್ಟುಗಳನ್ನೇ ಮಗನಿಗೆ ಹೇಳಿಕೊಟ್ಟಳು. ಅವನು ಕೆಲಕಾಲ ಗಿಟಾರನ್ನೂ ಬ್ಯಾಂಜೋದಂತೆಯೇ ನುಡಿಸುತ್ತಿದ್ದನು.

ಶಾಲೆಯ ಗೆಳೆಯರನ್ನು ಕೂಡಿಸಿ ಒಂದು ತಂಡ ಕಟ್ಟಿದನು. ಶಾಲೆಯ ಹೆಸರನ್ನೇ ಹಿಡಿದು ಅದಕ್ಕೆ ಕ್ವಾರಿಮೆನ್ ಎಂದು ಹೆಸರಿಟ್ಟರು. 1957ರ ಜುಲೈ 6ರಂದು ವೂಲ್ಟನ್ನಿನ ಚರ್ಚಿನ ಉತ್ಸವದಲ್ಲಿ ಅವರ ಹಾಡು ಇತ್ತು. ಅಲ್ಲಿಗೆ ಬಂದ ಹದಿನೈದರ ಪಾಲ್ ಮೆಕಾರ್ಟ್ನಿ ಎಂಬ ಹುಡುಗ ಗಿಟಾರು ಶ್ರುತಿ ಮಾಡುವುದನ್ನು ಬಲ್ಲವನಾಗಿದ್ದನು. ಹಾಡಿನ ಮಾತುಗಳು ಅವನಿಗೆ ಪೂರ್ಣ ಕಂಠಪಾಠ. ಜಾನನಿಗೆ ಧರ್ಮಸಂಕಟವಾಯಿತು. ತನಗಿಂತ ಜಾಣನನ್ನು ಸೇರಿಸಿಕೊಂಡರೆ ತಂಡ ಗಟ್ಟಿಯಾಗುತ್ತದೆ, ಯಜಮಾನಿಕೆ ಸಡಿಲಾಗುತ್ತದೆ. ಸೇರಿಸಿಕೊಳ್ಳದಿದ್ದರೆ ತಾನೇ ಯಜಮಾನ. ತಂಡ ಇದ್ದಲ್ಲಿಯೇ ಇರುತ್ತದೆ. ಕೆಲವು ದಿನ ಯೋಚಿಸಿ ಪಾಲನನ್ನು ಸೇರಿಸಿಕೊಂಡನು. ಹದಿನಾರರ ಹುಡುಗನೊಬ್ಬ ತನ್ನ ಮಾನದ ಅಭಿಮಾನವನ್ನು ಸಂಗೀತದ ಅಭಿಮಾನಕ್ಕಾಗಿ ಬಿಟ್ಟುಕೊಟ್ಟ ಈ ಗಳಿಗೆಯಿಂದಲೇ ಬೀಟಲ್ಸ್ ಚರಿತ್ರೆ ಆರಂಭವಾಯಿತೆಂದು ನಾನು ತಿಳಿದಿದ್ದೇನೆ. ಮರುವರ್ಷ ಪಾಲನ ಕಿರಿಯ ಗೆಳೆಯ ಜಾರ್ಜ್ ಹ್ಯಾರಿಸನ್ ಬಂದು ಸೇರಿದನು.

ಶಾಲೆಯಲ್ಲಿ ಪುಂಡನೆನಿಸಿಕೊಂಡಿದ್ದ ಜಾನ್ 1957ರಲ್ಲಿ ಲಿವರ್‌ಪೂಲಿನ ಕಲಾಶಾಲೆಗೆ ಸೇರಿದನು. ಚಿತ್ರ ಬರೆಯುವುದಕ್ಕಿಂತ ಅಧ್ಯಾಪಕರ ಅಣಕುಚಿತ್ರ ಬರೆಯುವುದರಲ್ಲಿ ಅವನ ಕೈ ಚುರುಕು. 1958ರ ಜುಲೈ 15ರ ಸಂಜೆ ಜೂಲಿಯಾ ಅಕ್ಕನ ಮನೆಗೆ ಬಂದು ಮಾತನಾಡಿ ಹೊರಟಳು. ರಸ್ತೆ ದಾಟುವಾಗ ಮೋಟಾರುಗಾಡಿ ಬಡಿದು ಪ್ರಾಣಬಿಟ್ಟಳು. ಕಳೆದುಹೋಗಿದ್ದ ತಾಯಿ ಮತ್ತೆ ಸಿಕ್ಕಿ ಎರಡು ಮೂರು ವರ್ಷವಾಗಿತ್ತು, ಅಷ್ಟೆ. ಪಾಲನ ತಾಯಿಯೂ 1956ರಲ್ಲಿ ತೀರಿಕೊಂಡಿದ್ದಳು. ತಾಯಿಯಿಲ್ಲದ ಆ ಇಬ್ಬರು ಹುಡುಗರು ಎದುರುಬದುರು ಕುಳಿತು ಶಾಲೆಯ ನೋಟುಪುಸ್ತಕದಲ್ಲಿ ಹಾಡು ಕಟ್ಟುತ್ತಿದ್ದರು.

1960ರಲ್ಲಿ ತಂಡಕ್ಕೆ ಬೀಟಲ್ಸ್ ಎಂಬ ಹೆಸರು ನಿಂತಿತು. ದುಂಬಿಜಾತಿಯ ಕೀಟದ ಹೆಸರಿನಲ್ಲಿ ತಾಳವೆಂಬ ಅರ್ಥದ ಇಂಗ್ಲಿಷ್ ಮಾತನ್ನು ಸೇರಿಸಿ ಮಾಡಿದ ಶ್ಲೇಷೆ ಅದು. ಆ ವರ್ಷ ಅವರು ಜರ್ಮನಿಯ ಹ್ಯಾಂಬುರ್ಗ್ ಬಂದರಿಗೆ ಹೋದರು. ಮಲಗಲು ಒಂದು ಚಿತ್ರಮಂದಿರದ ಹಿಂದಿನ ಕತ್ತಲೆ ಕೋಣೆ. ದುಡಿಯಲು ಕುಡುಕರ ಕ್ಲಬ್ಬು. ಕೆಲವು ರಾತ್ರಿ ಎಂಟು ತಾಸು ಬಿಡದೆ ಬಾರಿಸಬೇಕಾಗುತ್ತಿತ್ತು. ಜನರ ಕಣ್ಣಿಗೆ ಹಠಾತ್ತಾಗಿ ಹೊಳೆದಂತೆ ಕಂಡ ಕೀರ್ತಿಯ ಹಿಂದೆ ಇಂಥ ನೂರಾರು ರಾತ್ರಿಗಳಿದ್ದವು. 1961ರ ನವೆಂಬರಿನಲ್ಲಿ ಬ್ರಯನ್ ಎಪ್‌ಸ್ಟೈನ್ ಎಂಬ ಗ್ರಾಮಫೋನ್ ಅಂಗಡಿಯ ಯುವಕನು ಲಿವರ್‌ಪೂಲಿನ ಕ್ಯಾವರ್ನ್ ಎಂಬ ನೆಲಮಾಳಿಗೆಯಲ್ಲಿ ಇವರ ಹಾಡು ಕೇಳಿ ವ್ಯವಸ್ಥಾಪಕನಾಗಲು ಮುಂದೆ ಬಂದನು. 1962ರ ಮೊದಲ ದಿನವೇ ಲಂಡನ್ನಿನ ಒಂದು ಕಂಪನಿಯಲ್ಲಿ ಪರೀಕ್ಷೆಗೆ ಕುಳಿತರು, ನಪಾಸಾದರು. ಇನ್ನೊಂದು ಕಂಪನಿಯ ಜಾರ್ಜ್ ಮಾರ್ಟಿನ್ ಎಂಬವರು ಇವರನ್ನು ಒಪ್ಪಿದರು. ಡೋಲು ಬಾರಿಸಲು ರಿಂಗೋ ಸ್ಟಾರ್ ಬಂದನು. 1962ರ ಅಕ್ಟೋಬರ್ 5ರಂದು ಮೊದಲ ಮುದ್ರಿಕೆ ಲವ್ ಮಿ ಡೂ ಹೊರಬಿದ್ದಿತು. ದಾಂಡೇಲಿಯ ಮಳೆಯಲ್ಲಿ ನಾನು ಕೇಳಿದ್ದು ಅದನ್ನೇ. ಮೌತ್ ಆರ್ಗನ್ ನುಡಿಸಿದವನು ಜಾನ್.

ಅಂದಿನ ದುಡಿಮೆಯ ಒಂದು ಉದಾಹರಣೆ ಹೇಳುತ್ತೇನೆ. 1963ರ ಫೆಬ್ರವರಿ 11ರಂದು, ಒಂದೇ ದಿನದಲ್ಲಿ, ಮೊದಲ ದೊಡ್ಡ ತಟ್ಟೆಯ ಹತ್ತು ಹಾಡುಗಳನ್ನು ಹಾಡಿ ಮುಗಿಸಿದರು. ಜಾನನಿಗೆ ಆ ದಿನ ನೆಗಡಿ. ಎಲ್ಲಕ್ಕಿಂತ ಗಂಟಲು ಹರಿಯುವ ಹಾಡನ್ನು ಕೊನೆಗೆ ಇಟ್ಟುಕೊಂಡಿದ್ದರು. ಅವನು ಒಮ್ಮೆ ಹಾಡಿದನು. ಎರಡನೆಯ ಸಲಕ್ಕೆ ದನಿಯೇ ಉಳಿದಿರಲಿಲ್ಲ. ಆ ಮೊದಲ ಸಲದ ಹಾಡನ್ನೇ ಜಗತ್ತು ಇಂದಿಗೂ ಕೇಳುತ್ತಿದೆ.

ಅಲ್ಲಿಂದ ಮುಂದೆ ಕೀರ್ತಿಯ ಪ್ರವಾಹ. 1964ರ ಫೆಬ್ರವರಿ 9ರಂದು ಅಮೆರಿಕದ ದೂರದರ್ಶನದಲ್ಲಿ ಇವರನ್ನು ಕಂಡವರು ಸುಮಾರು 7 ಕೋಟಿ 30 ಲಕ್ಷ ಜನ. ಅದೇ ಏಪ್ರಿಲಿನ ಒಂದು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಐದು ಸ್ಥಾನಗಳೂ ಇವರವೇ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55 ಸಾವಿರಕ್ಕೂ ಹೆಚ್ಚು ಜನ ನೆರೆದರು. ಆದರೆ ಆ ಜನ ಕೇಳಿದ್ದೇನು? ಕಿರಿಚಾಟದ ಅಬ್ಬರದಲ್ಲಿ ಹಾಡು ಹಾಡುವವರಿಗೇ ಕೇಳಿಸುತ್ತಿರಲಿಲ್ಲ. ರಿಂಗೋ ಮುಂದೆ ನಿಂತವರ ಮೈಯ ಅಲುಗಾಟ ನೋಡಿ ತಾಳ ಹಾಕುವಂತಾಗಿತ್ತು. ಯಾವ ಹಾಡಿಗಾಗಿ ಬಂದರೋ ಆ ಹಾಡನ್ನೇ ಅಭಿಮಾನಿಗಳ ಕೂಗು ನುಂಗಿತು. 1966ರ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಅವರು ಊರೂರು ತಿರುಗಿ ಕಚೇರಿ ಮಾಡುವುದನ್ನೇ ನಿಲ್ಲಿಸಿದರು.

ಅದೇ ವರ್ಷ ಅಭಿಮಾನದ ಇನ್ನೊಂದು ಮುಖವನ್ನೂ ಜಾನ್ ಕಂಡನು. ಸಂದರ್ಶನವೊಂದರಲ್ಲಿ, ಈಗಿನ ಕಾಲದ ಯುವಕರಲ್ಲಿ ಏಸುಕ್ರಿಸ್ತನಿಗಿಂತಲೂ ತಮ್ಮ ತಂಡವೇ ಹೆಚ್ಚು ಜನಪ್ರಿಯವಾಗಿದೆಯೆಂಬ ಅರ್ಥದ ಮಾತನ್ನು ಅವನು ಆಡಿದ್ದನು. ಇಂಗ್ಲೆಂಡಿನಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಕೆಲವು ತಿಂಗಳ ಮೇಲೆ ಅಮೆರಿಕದಲ್ಲಿ ಅಚ್ಚಾದಾಗ ದಕ್ಷಿಣದ ಊರುಗಳಲ್ಲಿ ಬೀಟಲ್ಸ್ ತಟ್ಟೆಗಳನ್ನು ರಾಶಿ ಹಾಕಿ ಸುಟ್ಟರು. ಎರಡು ವರ್ಷದ ಹಿಂದೆ ಹೊತ್ತು ಮೆರೆಸಿದವರೂ ಸುಟ್ಟವರಲ್ಲಿ ಇದ್ದರು. ಜಾನ್ ಪತ್ರಕರ್ತರ ಮುಂದೆ ಕುಳಿತು ಕ್ಷಮೆ ಕೇಳಬೇಕಾಯಿತು.

1966ರ ಮತ್ತೊಂದು ಸಂಗತಿ ನಮ್ಮ ಸೀಮೆಯವರಿಗೆ ಕುತೂಹಲಕಾರಿ. ಆ ವಸಂತದಲ್ಲಿ ಜಾನ್ ಒಂದು ವಿಚಿತ್ರ ಹಾಡು ಕಟ್ಟಿದನು. ಟಿಬೆಟಿನ ಬೌದ್ಧರು ಸಾಯುವವರ ಕಿವಿಯಲ್ಲಿ ಓದುವ ಪ್ರಾಚೀನ ಗ್ರಂಥವನ್ನು ಆಧರಿಸಿ ಅಮೆರಿಕದಲ್ಲಿ ಬರೆದ ಪುಸ್ತಕವೊಂದು ಅದಕ್ಕೆ ಪ್ರೇರಣೆ. ಹಿಂದಿನಿಂದ ತಂಬೂರಿಯ ಶ್ರುತಿ. ಪರ್ವತದ ತುದಿಯಿಂದ ದಲಾಯಿಲಾಮಾ ಮಂತ್ರ ಪಠಿಸಿದಂತೆ ತನ್ನ ದನಿ ಕೇಳಬೇಕೆಂದು ಅವನು ಕೇಳಿಕೊಂಡಾಗ, ಧ್ವನಿಮುದ್ರಕರು ಅವನ ದನಿಯನ್ನು ಆರ್ಗನ್ ವಾದ್ಯದ ತಿರುಗುವ ಧ್ವನಿವರ್ಧಕದ ಮೂಲಕ ಹಾಯಿಸಿ ಮುದ್ರಿಸಿದರು. ಟುಮಾರೋ ನೆವರ್ ನೋಸ್ ಎಂಬ ಈ ಹಾಡು ಆ ವರ್ಷದ ಆಗಸ್ಟಿನಲ್ಲಿ ರಿವಾಲ್ವರ್ ಎಂಬ ತಟ್ಟೆಯಲ್ಲಿ ಬಂದಿತು. ಅದೇ 1966ರಲ್ಲಿಯೇ ನಮ್ಮ ಮುಂಡಗೋಡದಲ್ಲಿ ಟಿಬೆಟಿನ ನಿರಾಶ್ರಿತರ ವಸಾಹತು ಆರಂಭವಾಯಿತು. ಇದನ್ನು ನನಗೆ ಹೇಳಿದವನು ಆ ಮುಂಡಗೋಡದ ಗೆಳೆಯನೇ.

ಇಂಡಿಯಾ ದೇಶದ ಸೆಳೆತ ತಂಡಕ್ಕೆ ಹತ್ತಿದ್ದು ಜಾರ್ಜನಿಂದ. ಅವನು ಪಂಡಿತ ರವಿಶಂಕರರಲ್ಲಿ ಸಿತಾರ್ ಕಲಿತನು. 1967ರಲ್ಲಿ ಇವರೆಲ್ಲ ಮಹರ್ಷಿ ಮಹೇಶ ಯೋಗಿಗಳ ಉಪನ್ಯಾಸ ಕೇಳಿದರು. ಅದೇ ಆಗಸ್ಟಿನಲ್ಲಿ ಎಪ್‌ಸ್ಟೈನ್ ತೀರಿಕೊಂಡು ತಂಡ ಹಿರಿಯನಿಲ್ಲದ ಮನೆಯಂತಾಯಿತು. 1968ರ ಫೆಬ್ರವರಿಯಲ್ಲಿ ಹೃಷೀಕೇಶದ ಆಶ್ರಮಕ್ಕೆ ಬಂದರು. ಧ್ಯಾನ ಮಾಡಿದರು, ಗಂಗೆಯ ದಡದಲ್ಲಿ ಕುಳಿತು ಹಾಡುಗಳನ್ನು ಕಟ್ಟಿದರು. ಅಗಲಿದ ತಾಯಿಯ ಹೆಸರಿನ ಜೂಲಿಯಾ ಎಂಬ ಹಾಡು ಅಲ್ಲಿಯದೇ. ಏಪ್ರಿಲಿನಲ್ಲಿ ಮಹರ್ಷಿಗಳ ನಡತೆಯ ಬಗ್ಗೆ ಒಂದು ಗಾಳಿಮಾತು ಹುಟ್ಟಿತು. ಅದು ಎಂದೂ ರುಜುವಾತಾಗಲಿಲ್ಲ. ಆದರೆ ಜಾನ್ ಆ ಕೂಡಲೇ ಸಿಟ್ಟಾಗಿ ಗಂಟುಮೂಟೆ ಕಟ್ಟಿದನು. ಗುರುವನ್ನು ಹಂಗಿಸಿ ಹಾಡನ್ನೂ ಬರೆದನು. ನಿನ್ನೆಯವರೆಗೆ ದೇವರು, ಇಂದು ಮೋಸಗಾರ. ತನ್ನ ತಟ್ಟೆಗಳನ್ನು ಸುಟ್ಟವರಿಗೂ ಅಂದಿನ ತನಗೂ ಎಷ್ಟು ವ್ಯತ್ಯಾಸವಿತ್ತೆಂದು ಅವನು ಯೋಚಿಸಿದನೋ ಇಲ್ಲವೋ, ಓದುವಾಗ ನಾನು ಯೋಚಿಸಿದೆ.

ಇಲ್ಲಿ ನನ್ನ ಗೆಳೆಯನ ವಿಷಯ ಹೇಳಬೇಕು. ಒಂದು ಮಧ್ಯಾಹ್ನ, ಜಾನನ ಶಾಂತಿಗೀತೆಗಳ ವರ್ಣನೆಯಲ್ಲಿ ನಾನು ಮೈಮರೆತಿದ್ದಾಗ, ಗೆಳೆಯನು ಮೆಲ್ಲಗೆ ಒಂದು ಮಾತು ಹೇಳಿದನು: ಶಾಂತಿಯನ್ನು ಹಾಡಿದ ಈ ಮಹಾಶಯನು ಹೆಣ್ಣಿನ ಮೇಲೆ ಕೈಮಾಡುತ್ತಿದ್ದನಂತೆ, ಎಲ್ಲಿಯೋ ಓದಿದೆನೆಂದು. ನಾಲ್ಕು ಜನರ ಎದುರಿಗೆ. ನನಗೆ ಕಣ್ಣು ಕತ್ತಲೆಗಟ್ಟಿತು. ಎದ್ದು ಅವನ ಕೆನ್ನೆಗೆ ಹೊಡೆದುಬಿಟ್ಟೆ. ಅವನು ತಿರುಗಿ ಹೊಡೆಯಲಿಲ್ಲ. ಡಬ್ಬಿ ಮುಚ್ಚಿ ಎದ್ದುಹೋದನು. ಅಂದಿನಿಂದ ಮೂರು ತಿಂಗಳು ನಾವು ಮಾತನಾಡಲಿಲ್ಲ.

ಅವನ ಮಾತು ಸುಳ್ಳೆಂದು ತೋರಿಸಬೇಕೆಂಬ ಛಲದಿಂದ ಇಂಗ್ಲಿಷ್ ಅಧ್ಯಾಪಕರಲ್ಲಿಗೆ ಹೋದೆ. ಅವರು ಏನೂ ಹೇಳದೆ ಓದಲು ಕೆಲವು ಪುಟಗಳನ್ನು ಕೊಟ್ಟರು. ಕಲಾಶಾಲೆಯಲ್ಲಿ ಜೊತೆಗೆ ಓದಿದ ಸಿಂಥಿಯಾ ಪೊವೆಲ್ ಎಂಬವಳನ್ನು ಜಾನ್ 1962ರ ಆಗಸ್ಟಿನಲ್ಲಿ ಮದುವೆಯಾದನು. ಅಭಿಮಾನಿಗಳ ಮನಸ್ಸು ಮುರಿದೀತೆಂದು ಆ ಮದುವೆಯನ್ನು ಕೆಲಕಾಲ ಮುಚ್ಚಿಟ್ಟಿದ್ದರು. ವಿದ್ಯಾರ್ಥಿದೆಸೆಯಲ್ಲಿಯೇ ಅವಳು ಬೇರೊಬ್ಬನೊಡನೆ ಕುಣಿದಳೆಂಬ ಅಸೂಯೆಯಿಂದ ಅವನು ಅವಳ ಕೆನ್ನೆಗೆ ಹೊಡೆದಿದ್ದನು, ಆಕೆಯೇ ಬರೆದಿದ್ದಾಳೆ. 1963ರಲ್ಲಿ ಹುಟ್ಟಿದ ಮಗ ಜೂಲಿಯನ್ನನಿಗೆ ತಂದೆ ಸಿಕ್ಕಿದ್ದು ಬಹಳ ಕಡಮೆ. ತಾನು ಚಿಕ್ಕಂದಿನಲ್ಲಿ ಅನುಭವಿಸಿದ್ದನ್ನೇ ಅವನು ಮಗನಿಗೆ ಕೊಟ್ಟನು. 1968ರಲ್ಲಿ ಅವರ ದಾಂಪತ್ಯ ಮುರಿಯಿತು. ಹೆಂಗಸರ ಮೇಲೆ ತಾನು ಕೈಮಾಡಿದ್ದುಂಟೆಂದು 1980ರ ಸಂದರ್ಶನದಲ್ಲಿ ಜಾನನೇ ಒಪ್ಪಿಕೊಂಡು ಪಶ್ಚಾತ್ತಾಪಪಟ್ಟನು. ಗೆಳೆಯನ ಮಾತು ನಿಜವಾಗಿತ್ತು. ಕೆನ್ನೆಗೆ ಹೊಡೆದವನೊಬ್ಬನ ಮಾನ ಉಳಿಸಲು ನಾನು ಮತ್ತೊಬ್ಬನ ಕೆನ್ನೆಗೆ ಹೊಡೆದಿದ್ದೆ.

ಆ ದಿನ ಮನೆಗೆ ಬಂದು ಗೋಡೆಯ ಚಿತ್ರವನ್ನು ತೆಗೆದೆ. ಕ್ಯಾಸೆಟ್ಟು ಅಟ್ಟ ಸೇರಿತು. ಅತ್ತೆ ಕಾರಣ ಕೇಳಿದಳು, ಹೇಳಿದೆ. ಅಕ್ಕಿಯಲ್ಲಿ ಕಲ್ಲು ಸಿಕ್ಕಿತೆಂದು ಯಾರೂ ಅಕ್ಕಿಯನ್ನೇ ಚೆಲ್ಲುವುದಿಲ್ಲವೆಂಬುದು ಅವಳ ನ್ಯಾಯ. ಮಾತು ಹಿತವಾಗಿತ್ತು, ಆದರೆ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಲ್ಲನ್ನು ಆರಿಸಿ ಎಸೆಯಬಹುದು. ಪೆಟ್ಟು ತಿಂದವಳನ್ನು ಹಾಗೆ ಆರಿಸಿ ಎಸೆಯಲಾದೀತೇ? ಅವಳನ್ನು ಮರೆಯದೆಯೇ ಹಾಡನ್ನು ಕೇಳಬೇಕು, ಅದು ಸಾಧ್ಯವೇ ಎಂಬುದು ನನ್ನ ಪ್ರಶ್ನೆ. ಉಳಿದ ಜೀವನವನ್ನು ಆ ಪ್ರಶ್ನೆ ಹಿಡಿದುಕೊಂಡೇ ಓದಿದೆ.

1969ರ ಮಾರ್ಚ್ 20ರಂದು ಜಾನ್ ಜಪಾನಿನ ಕಲಾವಿದೆ ಯೋಕೊ ಓನೋಳನ್ನು ಮದುವೆಯಾದನು. ಪತ್ರಕರ್ತರು ತಮ್ಮ ಬೆನ್ನು ಬಿಡುವುದಿಲ್ಲವೆಂದು ತಿಳಿದಿದ್ದ ದಂಪತಿಗಳು ಅವರನ್ನೇ ಕೋಣೆಗೆ ಕರೆದು, ಹಾಸಿಗೆಯ ಮೇಲೆ ಕುಳಿತು, ವಿಯೆಟ್ನಾಂ ಯುದ್ಧದ ವಿರುದ್ಧ ಮಾತನಾಡಿದರು. ಲೋಕ ನಕ್ಕಿತು. ಬ್ರಿಟಿಷ್ ರಾಣಿ 1965ರಲ್ಲಿ ಕೊಟ್ಟಿದ್ದ ಪದಕವನ್ನು ಅದೇ ನವೆಂಬರಿನಲ್ಲಿ ಪ್ರತಿಭಟನೆಯಾಗಿ ಹಿಂತಿರುಗಿಸಿದನು. 1970ರಲ್ಲಿ ಬೀಟಲ್ಸ್ ತಂಡ ಒಡೆಯಿತು. 1971ರಲ್ಲಿ ಗಡಿಯಿಲ್ಲದ, ಆಸ್ತಿಯಿಲ್ಲದ ಜಗತ್ತನ್ನು ಕಲ್ಪಿಸಿಕೊಳ್ಳಿರೆಂಬ ಇಮ್ಯಾಜಿನ್ ಹಾಡು ಹೊರಬಂದಿತು. ಆ ವರ್ಷವೇ ಅವನು ನ್ಯೂಯಾರ್ಕಿನಲ್ಲಿ ನೆಲೆಸಿದನು. ಯುದ್ಧವಿರೋಧಿಯಾದ ಅವನನ್ನು ದೇಶದಿಂದ ಹೊರಹಾಕಲು ಅಮೆರಿಕದ ಸರ್ಕಾರ 1972ರಿಂದ ವ್ಯಾಜ್ಯ ಹೂಡಿತು. ನಡುವೆ ಹೆಂಡತಿಯಿಂದ ದೂರವಾಗಿ ಒಂದೂವರೆ ವರ್ಷ ಕುಡಿತದಲ್ಲಿ ಮುಳುಗಿದ್ದನು. ಆ ಪ್ರಸಂಗವೂ ಹೊಗಳುವಂಥದಲ್ಲ.

1975ರ ಅಕ್ಟೋಬರ್ 7ರಂದು ನ್ಯಾಯಾಲಯದ ತೀರ್ಪು ಅವನ ಪರವಾಯಿತು. ಎರಡೇ ದಿನದ ಮೇಲೆ, ಅವನ ಮೂವತ್ತೈದನೆಯ ಹುಟ್ಟುಹಬ್ಬದಂದೇ, ಮಗ ಶಾನ್ ಹುಟ್ಟಿದನು. ಆಮೇಲೆ ಜಾನ್ ಮಾಡ ಹೊರಟ ಕೆಲಸ ನನ್ನ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ. ಸುಮಾರು ಐದು ವರ್ಷ ಅವನು ಹಾಡು ಬಿಟ್ಟು ಮನೆಯಲ್ಲಿ ಕುಳಿತನು. ವ್ಯವಹಾರವನ್ನೆಲ್ಲ ಹೆಂಡತಿ ನೋಡಿಕೊಂಡಳು. ಅವನು ಮಗುವನ್ನು ನೋಡಿಕೊಂಡನು, ಬ್ರೆಡ್ಡು ಸುಡುವುದನ್ನು ಕಲಿತನು. ಮೊದಲ ಮಗನಿಗೆ ಮಾಡಿದ ಅನ್ಯಾಯ ಇದರಿಂದ ಅಳಿಸಿಹೋಗಲಿಲ್ಲ. ಆದರೂ ತನ್ನ ಸ್ವಭಾವದೊಡನೆ ತಾನೇ ಹೋರಾಡಿ ಒಂದಿಷ್ಟು ಗೆದ್ದ ಮನುಷ್ಯನನ್ನು ನಾನು ಅಲ್ಲಿ ಕಂಡೆ. ಗೋಡೆಯ ಚಿತ್ರದಲ್ಲಿ ಆ ಮನುಷ್ಯನಿರಲಿಲ್ಲ.

1980ರ ನವೆಂಬರಿನಲ್ಲಿ ಗಂಡಹೆಂಡತಿಯರ ಹೊಸ ತಟ್ಟೆ ಡಬಲ್ ಫ್ಯಾಂಟಸಿ ಹೊರಬಂದಿತು. ಡಿಸೆಂಬರ್ 8ರ ಸಂಜೆ, ಅವರು ವಾಸವಾಗಿದ್ದ ಡಕೋಟಾ ಕಟ್ಟಡದ ಬಾಗಿಲಲ್ಲಿ, ಒಬ್ಬ ಯುವಕನು ಆ ತಟ್ಟೆಯನ್ನು ಮುಂದೆ ಹಿಡಿದು ಹಸ್ತಾಕ್ಷರ ಬೇಡಿದನು. ಜಾನ್ ನಿಂತು ಸಹಿ ಹಾಕಿದನು. ಅದೇ ರಾತ್ರಿ ಹನ್ನೊಂದು ಗಂಟೆಯ ಹತ್ತಿರ, ಮನೆಗೆ ಹಿಂತಿರುಗಿದ ಜಾನನ ಬೆನ್ನಿಗೆ ಆ ಯುವಕನೇ ಗುಂಡು ಹಾರಿಸಿದನು. ನಲವತ್ತು ವರ್ಷದ ಜಾನ್ ಲೆನನ್ ಆ ರಾತ್ರಿಯೇ ತೀರಿಕೊಂಡನು. ಕೊಂದವನ ಹೆಸರನ್ನು ಬರೆಯಲು ನನಗೆ ಮನಸ್ಸಿಲ್ಲ. ಅವನೂ ಒಂದು ಕಾಲದಲ್ಲಿ ಬೀಟಲ್ಸ್ ಅಭಿಮಾನಿಯಾಗಿದ್ದವನು. ತಾನು ಪೂಜಿಸಿದವನು ಸಿರಿವಂತನಾಗಿ ಬಾಳುತ್ತಿರುವನೆಂದೂ, ಹಾಡಿನಂತೆ ನಡೆಯುತ್ತಿಲ್ಲವೆಂದೂ ಅವನ ತಲೆಯಲ್ಲಿ ದ್ವೇಷ ಬೆಳೆದಿತ್ತು.

ಈ ಭಾಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹುಚ್ಚನಿಗೂ ನನಗೂ ಹೋಲಿಕೆಯಿಲ್ಲವೆಂದು ಮನಸ್ಸಿಗೆ ಎಷ್ಟು ಹೇಳಿಕೊಂಡರೂ ಗೆಳೆಯನ ಕೆನ್ನೆ ಕಣ್ಣಮುಂದೆ ಬರುತ್ತಿತ್ತು. ಗೆಳೆಯನು ಜಾನನನ್ನು ನಿಂದಿಸಿದನೆಂದು ನಾನು ಹೊಡೆದೆನೇ? ಅಲ್ಲ. ನಾನು ಆರಿಸಿಕೊಂಡವನಲ್ಲಿ ದೋಷವಿದೆಯೆಂದರೆ ನನ್ನ ಆಯ್ಕೆಯಲ್ಲಿಯೇ ದೋಷವಿದೆಯೆಂದು ನಾಲ್ಕು ಜನ ತಿಳಿದಾರೆಂಬ ಅಳುಕಿನಿಂದ ಹೊಡೆದೆ. ಪರರ ಮೇಲಿನ ಅಭಿಮಾನದ ಒಳಗೆ ನನ್ನ ಮೇಲಿನ ನನ್ನ ಅಭಿಮಾನವೇ ಅವಿತು ಕುಳಿತಿತ್ತು. ಒಂದು ಮಾತಿಗೆ ಎರಡು ಅರ್ಥ ಏಕೆಂಬುದು ಅಂದು ತಿಳಿಯಿತು. ನಮ್ಮ ನಾಡಿನಲ್ಲಿಯೂ, ಅಭಿಮಾನಿಗಳನ್ನು ದೇವರೆಂದು ಕರೆದ ರಾಜಕುಮಾರರು 2006ರ ಏಪ್ರಿಲಿನಲ್ಲಿ ತೀರಿಕೊಂಡಾಗ, ಅವರ ಅಂತ್ಯಯಾತ್ರೆಯ ಗಲಭೆಯಲ್ಲಿ ಪ್ರಾಣಗಳೇ ಹೋದವು. ಅಷ್ಟು ಸೌಮ್ಯ ಮನುಷ್ಯನ ಹೆಸರಿನಲ್ಲಿ ಹಾಗಾಯಿತಲ್ಲ ಎಂದು ಅತ್ತೆ ಇಂದಿಗೂ ಮರುಗುತ್ತಾಳೆ.

ಆ ವಾರದ ರವಿವಾರ ಮುಂಡಗೋಡಕ್ಕೆ ಹೋದೆ. ಗೆಳೆಯನು ರಜೆಗೆಂದು ಮನೆಗೆ ಹೋಗಿದ್ದನು. ಬಾಗಿಲಲ್ಲಿ ನನ್ನನ್ನು ಕಂಡು ಅವನ ತಾಯಿಯೇ ಒಳಗೆ ಕರೆದು ಚಹ ಕೊಟ್ಟರು. ಮಗನು ಅವರಿಗೆ ಏನೂ ಹೇಳಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಇಬ್ಬರೇ ಹೊರಗೆ ಬಂದಾಗ ತಪ್ಪಾಯಿತೆಂದೆ. ಅವನು ಹೂಂಗುಟ್ಟಿದನು, ಹೆಚ್ಚು ಮಾತಾಡಲಿಲ್ಲ. ಸಂಜೆ ಟಿಬೆಟಿಯನ್ನರ ವಸಾಹತಿನ ಕಡೆಗೆ ಕರೆದುಕೊಂಡು ಹೋದನು. ಮಠದ ಪ್ರಾರ್ಥನಾಮಂದಿರದಲ್ಲಿ ಕೆಂಪು ವಸ್ತ್ರದ ಭಿಕ್ಷುಗಳು ಸಾಲಾಗಿ ಕುಳಿತು ಪಠಿಸುತ್ತಿದ್ದರು. ದನಿ ನೆಲದೊಳಗಿನಿಂದ ಎದ್ದುಬಂದಂತೆ ಆಳವಾಗಿತ್ತು. ಲಂಡನ್ನಿನ ಮುದ್ರಣಾಲಯದಲ್ಲಿ ಜಾನ್ ಯಂತ್ರದಿಂದ ಹೊರಡಿಸಲು ಹೆಣಗಿದ ದನಿ, ಅದೇ ವರ್ಷ ನಮ್ಮ ಜಿಲ್ಲೆಗೆ ಬಂದು ನೆಲೆಸಿದ ಜನರ ಬಾಯಲ್ಲಿ ಸಹಜವಾಗಿ ಹರಿಯುತ್ತಿತ್ತು. ಎರಡು ದನಿಗಳನ್ನೂ ಕೇಳಿದ ನಾನು ಭಾಗ್ಯವಂತ. ಅಲ್ಲಿ ಯಾರೂ ಕಿರಿಚುತ್ತಿರಲಿಲ್ಲವಾದ್ದರಿಂದ ಎಲ್ಲವೂ ಕೇಳಿಸುತ್ತಿತ್ತು. ಹಿಂತಿರುಗುವಾಗ ಗೆಳೆಯನು ಆ ಹಾಡನ್ನು ತನಗೂ ಕೇಳಿಸಬೇಕೆಂದನು. ಮುಂದಿನ ವಾರ ಮಾವನ ಮನೆಯಲ್ಲಿ ಇಬ್ಬರೂ ಕೂಡಿ ಕೇಳಿದೆವು.

ಕ್ಯಾಸೆಟ್ಟು ಈಗ ಮತ್ತೆ ಕೆಳಗೆ ಬಂದಿದೆ. ಚಿತ್ರವನ್ನು ಮಾತ್ರ ಗೋಡೆಗೆ ಹಾಕಿಲ್ಲ, ಪುಸ್ತಕದೊಳಗೆ ಇಟ್ಟಿದ್ದೇನೆ. ದುಂಡು ಕನ್ನಡಕವನ್ನು ಬಿಟ್ಟಿದ್ದೇನೆ. ನ್ಯೂಯಾರ್ಕಿನ ಉದ್ಯಾನದಲ್ಲಿ, ಅವನು ಬಿದ್ದ ಸ್ಥಳಕ್ಕೆ ಎದುರಾಗಿ, 1985ರ ಅಕ್ಟೋಬರ್ 9ರಂದು ಅವನ ನೆನಪಿನ ತೋಟವೊಂದು ಸಿದ್ಧವಾಯಿತು. ಹೆಸರು ಸ್ಟ್ರಾಬೆರಿ ಫೀಲ್ಡ್ಸ್. ಅಲ್ಲಿಗೆ ಹೋಗುವ ಯೋಗ ನನಗೆ ಬರಲಿಕ್ಕಿಲ್ಲ. ಹೋದವರು ಮೌನವಾಗಿ ಒಂದು ಹೂವಿಟ್ಟು ಬರಲೆಂದು ಹಾರೈಸುತ್ತೇನೆ.

ಸಹಪಾಠಿಗಳೇ, ನಮ್ಮಲ್ಲಿ ಯಾರಿಗೆ ಅಭಿಮಾನವಿಲ್ಲ? ಒಬ್ಬನಿಗೆ ನಟ, ಒಬ್ಬನಿಗೆ ಆಟಗಾರ, ಒಬ್ಬನಿಗೆ ನಾಯಕ, ಒಬ್ಬನಿಗೆ ಕವಿ. ಇರಲಿ, ಅಭಿಮಾನವಿಲ್ಲದ ಯೌವನ ಮಳೆಯಿಲ್ಲದ ಆಷಾಢದಂತೆ. ಆದರೆ ನಿಮ್ಮ ಆರಾಧ್ಯನ ಬಗ್ಗೆ ಯಾರಾದರೂ ಅಹಿತವಾದ ನಿಜವೊಂದನ್ನು ಹೇಳಿದಾಗ ಕೈ ಮೇಲೇಳುವ ಮೊದಲು ಒಂದು ಗಳಿಗೆ ತಡೆಯಿರಿ. ಎದುರಿಗೆ ನಿಂತವನು ಗೆಳೆಯ. ಗೆಳೆಯನು ಕಳೆದುಹೋದರೆ ಹಾಡನ್ನು ಕೂಡಿ ಕೇಳುವವರು ಯಾರು?